ಕಟ್ಟಿದವನೂ ಜೋಡಿಸಿದವನೂ

ಬೆಂಗಳೂರು ದಂಡಿನ ಮ್ಯೂಸಿಯಂ ರಸ್ತೆಯಲ್ಲಿ ಸರ್ಕಾರಿ ವಸ್ತುಸಂಗ್ರಹಾಲಯವು ಇಲ್ಲದೆ ಒಂದೂವರೆ ಶತಮಾನವೇ ಆಗುತ್ತ ಬಂದಿತು. 1865ರಲ್ಲಿ ಅಲ್ಲಿಯ ಹಳೆಯ ಸೆರೆಮನೆಯ ಕಟ್ಟಡದಲ್ಲಿ ಹುಟ್ಟಿದ ಆ ಸಂಸ್ಥೆಯು 1877ರಲ್ಲಿ ಕಬ್ಬನ್ ಉದ್ಯಾನದ ಅಂಚಿನ ಕೆಂಪು ಭವನಕ್ಕೆ ತೆರಳಿತು. ಹೆಸರು ಮಾತ್ರ ಹಳೆಯ ಬೀದಿಯಲ್ಲಿಯೇ ಉಳಿಯಿತು. ಇದನ್ನು ಸ್ಥಾಪಿಸಿದವನು ವೈದ್ಯ, ಇದಕ್ಕೆ ಮನೆ ಕಟ್ಟಿದವನು ಸೈನ್ಯದ ಇಂಜಿನಿಯರು. ಈ ಎರಡು ವಿದ್ಯೆಗಳ ನಡುವೆ ಬಿಟ್ಟುಹೋದ ಸಂದಿನಲ್ಲಿಯೇ ನಮ್ಮ ಸಂಗ್ರಹಾಲಯದ ಗುಣವೂ ದೋಷವೂ ಅಡಗಿವೆಯೆಂದು ನನಗೆ ತೋರುತ್ತದೆ.

ವೈದ್ಯನಾದ ಎಡ್ವರ್ಡ್ ಬಾಲ್ಫರನು ಸಾಮಾನ್ಯನಲ್ಲ. 1851ರಲ್ಲಿ ಮದರಾಸಿನ ಸಂಗ್ರಹಾಲಯದ ಹೊಣೆ ಹೊತ್ತಾಗ ಅವನ ಕೈಗೆ ಬಂದುದು ಸುಮಾರು 1,100 ಶಿಲಾಖನಿಜಗಳ ಮಾದರಿಗಳಷ್ಟೆ. ಕಲ್ಲುಚೂರುಗಳನ್ನು ನೋಡಲು ಜನರು ಬಾರರೆಂಬುದನ್ನು ಬಲ್ಲ ಆತನು ಜೀವಂತ ಹುಲಿ ಚಿರತೆಗಳನ್ನು ಅಲ್ಲಿ ತಂದಿರಿಸಿ, ಮೃಗಗಳನ್ನು ನೋಡಬಂದವರು ಕಲ್ಲುಗಳನ್ನೂ ನೋಡಿಹೋಗುವಂತೆ ಮಾಡಿದನು. ಪ್ರೇಕ್ಷಕನ ಮನೋಧರ್ಮವನ್ನು ಇಷ್ಟು ಚೆನ್ನಾಗಿ ಅರಿತ ಕ್ಯುರೇಟರು ಆ ಕಾಲದಲ್ಲಿ ವಿರಳ. ಮೈಸೂರಿನ ಕಮಿಷನರ್ ಬೌರಿಂಗನ ಬೆಂಬಲದಿಂದ ಬೆಂಗಳೂರಿನಲ್ಲಿ ಅದೇ ಕೆಲಸವನ್ನು ಕೈಗೊಂಡಾಗ ಅವನಿಗೆ ದೊರೆತ ಮನೆಯೋ, ಒಳಗಿನವರು ಹೊರಗೆ ಹೋಗದಂತೆ ಕಟ್ಟಿದುದು, ಹೊರಗಿನವರು ಒಳಗೆ ಬರಲೆಂದು ಕಟ್ಟಿದುದಲ್ಲ.

ಅನಂತರ ಬಂದುದು ಇಂಜಿನಿಯರಾದ ರಿಚರ್ಡ್ ಸ್ಯಾಂಕಿಯ ಭವನ. ಕೆಂಪು ಬಣ್ಣದ ಗೋಡೆ, ಬಿಳಿಯ ಅಂಚು, ಕೊರಿಂಥಿಯನ್ ಸ್ತಂಭಗಳ ಸಾಲು: 1868ರಲ್ಲಿ ಮುಗಿದ ಅಠಾರಾ ಕಚೇರಿಯನ್ನು ನೋಡಿದವರಿಗೆ ಅದೇ ಕೈಯ ಗುರುತು ಇಲ್ಲಿಯೂ ಸ್ಪಷ್ಟವಾಗಿ ಕಾಣುವುದು. ಉದ್ಯಾನದ ಹಸುರಿನ ನಡುವೆ ಅದು ನಿಂತಿರುವ ಗಾಂಭೀರ್ಯವನ್ನು ಯಾವ ವಿಮರ್ಶಕನೂ ಅಲ್ಲಗಳೆಯಲಾರನು. ಆದರೆ ಅದು ಹೊರಗಿನಿಂದ ನೋಡುವವನಿಗಾಗಿ ಕಲ್ಪಿತವಾದ ಕಟ್ಟಡ. ಒಳಗೆ ಯಾವ ವಸ್ತುವು ಎಲ್ಲಿ ನಿಲ್ಲಬೇಕು, ಅದರ ಮೇಲೆ ಬೆಳಕು ಯಾವ ಕಡೆಯಿಂದ ಬೀಳಬೇಕು ಎಂಬ ವಿಚಾರವು ಅದರ ಯೋಜನೆಯಲ್ಲಿ ಮೊದಲು ಹುಟ್ಟಿದುದೆಂದು ತೋರುವುದಿಲ್ಲ.

ಒಂದೇ ಉದಾಹರಣೆ ಸಾಕು. ಈ ಸಂಗ್ರಹಾಲಯದ ಅತ್ಯಮೂಲ್ಯ ನಿಧಿಗಳಲ್ಲಿ ಒಂದು ಆತಕೂರಿನ ಶಾಸನ. ಕ್ರಿ.ಶ. 949-50ರ ಈ ಕಲ್ಲು, ರಾಷ್ಟ್ರಕೂಟ ಮೂರನೆಯ ಕೃಷ್ಣನೂ ಗಂಗ ಬೂತುಗನೂ ತಕ್ಕೋಲದಲ್ಲಿ ಚೋಳ ರಾಜಾದಿತ್ಯನನ್ನು ಗೆದ್ದುದನ್ನು ಹೇಳುವುದರ ಜೊತೆಗೆ, ಬೂತುಗನಿಂದ ಅವನ ಅನುಚರ ಮಣಲೆರನು ಮೆಚ್ಚಾಗಿ ಬೇಡಿ ಪಡೆದ ಕಾಳಿಯೆಂಬ ನಾಯಿ ಹಂದಿಯೊಡನೆ ಹೋರಾಡಿ ಅದರೊಡನೆಯೇ ಮಡಿದುದನ್ನೂ ಹೇಳುತ್ತದೆ. ಆ ಕಾದಾಟವನ್ನು ಶಿಲ್ಪಿಯು ಕಲ್ಲಿನಲ್ಲಿ ಬಿಡಿಸಿಯೂ ಇದ್ದಾನೆ. ಸಾಮ್ರಾಜ್ಯದ ಯುದ್ಧವೂ ನಾಯಿಯ ಮರಣವೂ ಒಂದೇ ಕಲ್ಲಿನಲ್ಲಿ ಸಮಾನ ಗೌರವದಿಂದ ಸೇರಿರುವ ಇಂತಹ ದಾಖಲೆಯನ್ನು ನಾನು ಬೇರೆ ಕಂಡಿಲ್ಲ. ಇಂತಹ ಶಾಸನಕ್ಕೆ ಬೇಕಾದುದು ಪಾರ್ಶ್ವದಿಂದ ಓರೆಯಾಗಿ ಬೀಳುವ ಬೆಳಕು. ಆಗ ಪ್ರತಿಯೊಂದು ಅಕ್ಷರದ ಅಂಚಿನಲ್ಲಿಯೂ ನೆರಳು ಕೂತು ಓದು ಸುಲಭವಾಗುವುದು. ಎದುರಿನಿಂದ ಸಮನಾಗಿ ಬಿದ್ದ ಬೆಳಕು ಕೊರೆದ ಬರೆಹವನ್ನೇ ಅಳಿಸಿಬಿಡುತ್ತದೆ. ಕಿಟಕಿಯನ್ನು ಸೌಷ್ಠವಕ್ಕಾಗಿ ಇಡುವ ಇಂಜಿನಿಯರಿಗೆ ಈ ಚಿಂತೆ ಇರದು. ಸಿದ್ಧ ಕಿಟಕಿಯ ಮುಂದೆ ಕಲ್ಲನ್ನು ನಿಲ್ಲಿಸುವ ಅಧಿಕಾರಿಗೆ ಚಿಂತೆ ಇದ್ದರೂ ಅಧಿಕಾರವಿರದು.

ಕಟ್ಟುವ ವಿದ್ಯೆಯೂ ಜೋಡಿಸುವ ವಿದ್ಯೆಯೂ ಒಬ್ಬನಲ್ಲಿಯೇ ಕೂಡಿದರೆ ಏನಾಗುವುದೆಂಬುದಕ್ಕೆ ನ್ಯೂಯಾರ್ಕಿನ ಆಧುನಿಕ ಕಲಾ ಸಂಗ್ರಹಾಲಯದಲ್ಲಿ 1992ರಿಂದ 2006ರವರೆಗೆ ವಾಸ್ತುಶಿಲ್ಪ ವಿಭಾಗದ ಮುಖ್ಯ ಕ್ಯುರೇಟರಾಗಿದ್ದ ಟೆರೆನ್ಸ್ ರೈಲಿಯ ವೃತ್ತಿಜೀವನವು ನಿದರ್ಶನ. ಸ್ವತಃ ವಾಸ್ತುಶಿಲ್ಪಿಯಾಗಿದ್ದ ಅವನು 1999ರಲ್ಲಿ 26 ಮನೆಗಳ ಪ್ರದರ್ಶನವನ್ನು ಏರ್ಪಡಿಸಿ, ನಕ್ಷೆಯನ್ನು ಓದಲಾರದ ಜನಸಾಮಾನ್ಯರ ಮುಂದೆಯೂ ಕಟ್ಟಡದ ವಿಚಾರವನ್ನು ತೆರೆದಿಟ್ಟನು. ಅಲ್ಲಿ ಕಟ್ಟಡವೇ ಪ್ರದರ್ಶನದ ವಸ್ತು. ನಮ್ಮಲ್ಲಿ ಕಟ್ಟಡವು ವಸ್ತುವಿನ ಮೇಲೆ ಕವಿದ ಮುಸುಕು.

ಈ ಕೆಂಪು ಭವನವಿರುವ ಕಸ್ತೂರಬಾ ರಸ್ತೆಯಲ್ಲಿಯೇ 2023ರ ಫೆಬ್ರವರಿಯಲ್ಲಿ ತೆರೆದ ಕಲೆ ಮತ್ತು ಛಾಯಾಚಿತ್ರಗಳ ಸಂಗ್ರಹಾಲಯವು ಈ ಸಂದನ್ನು ಸ್ವಲ್ಪ ಮಟ್ಟಿಗೆ ತುಂಬಿದೆ. ನಗರದವರೇ ಆದ ಸೌಮಿತ್ರೊ ಘೋಷ್ ಮತ್ತು ನಿಶಾ ಮ್ಯಾಥ್ಯೂ ಘೋಷರು ಅದಕ್ಕೆ ನೀರಿನ ಟ್ಯಾಂಕನ್ನು ನೆನಪಿಗೆ ತರುವ ಉಕ್ಕಿನ ಹೊದಿಕೆಯನ್ನು ಕೊಟ್ಟಿದ್ದಾರೆ. ಅದರ ರೂಪವು ಎಲ್ಲರಿಗೂ ರುಚಿಸದು; ನನಗೂ ಬೀದಿಯಿಂದ ನೋಡುವಾಗ ಅದು ತುಸು ಬಿಗುವಾಗಿಯೇ ಕಾಣುತ್ತದೆ. ಆದರೆ ಬೆಳಕಿಗೆ ಮಾಸುವ ಕಾಗದದ ಚಿತ್ರಗಳಿಗೆ ಇಂತಹ ಮುಚ್ಚಿದ ಮೈ ತಕ್ಕುದು. ಸ್ಯಾಂಕಿಯ ಭವನಕ್ಕೆ ಸೌಂದರ್ಯದಲ್ಲಿ ಸೋತರೂ ಔಚಿತ್ಯದಲ್ಲಿ ಇದೇ ಮೇಲು.

ಆತಕೂರಿನ ಕಲ್ಲನ್ನು ನೋಡಹೋಗುವ ವಾಚಕರು ಮೊದಲು ಇಂದಿರಾನಗರದ ಪಕ್ಕದ ದೊಮ್ಮಲೂರಿನ ಚೊಕ್ಕನಾಥಸ್ವಾಮಿ ದೇವಾಲಯಕ್ಕೆ ಹೋಗಿ, ಅಲ್ಲಿ ಕಟ್ಟಡದ ಅಂಗವಾಗಿಯೇ ಉಳಿದಿರುವ ತಮಿಳು ಶಾಸನಗಳನ್ನು ಓರೆಯ ಬೆಳಕಿನಲ್ಲಿ ಒಮ್ಮೆ ನೋಡಲಿ. ಆಮೇಲೆ ಕೆಂಪು ಭವನದ ವಿಷಯದಲ್ಲಿ ತೀರ್ಮಾನಕ್ಕೆ ಬರಲಿ.