‘ಕನಾಲ್’ ಚಿತ್ರದಲ್ಲಿ ದ್ರೋಹದ ಧ್ವನಿ

ದ್ರೋಹವನ್ನು ವಸ್ತುವಾಗಿ ಉಳ್ಳ ದೃಶ್ಯಕೃತಿಗಳಲ್ಲಿ ದ್ರೋಹಿಯನ್ನು ರಂಗಕ್ಕೆ ತಂದು ನಿಲ್ಲಿಸುವುದು ವಾಡಿಕೆ. ಪೋಲೆಂಡಿನ ಆಂಜೇಯ್ ವಾಯ್ದಾ ಅವರು ನಿರ್ದೇಶಿಸಿ 1957ರಲ್ಲಿ ಹೊರಬಂದ ‘ಕನಾಲ್’ ಎಂಬ ವಾಕ್ಚಿತ್ರದಲ್ಲಾದರೋ ದೊಡ್ಡ ದ್ರೋಹವು ಕಣ್ಣಿಗೆ ಬೀಳುವುದೇ ಇಲ್ಲ. ಆದರೂ ಸ್ವದೇಶದ ಪ್ರೇಕ್ಷಕರಿಗೆ ಅದು ತಿಳಿಯದೆ ಹೋಗಲಿಲ್ಲ.

ಜರ್ಮನರ ವಶದಲ್ಲಿದ್ದ ವಾರ್ಸಾ ನಗರದಲ್ಲಿ ಪೋಲಿಷರ ಗುಪ್ತಸೈನ್ಯವು 1944ರ ಆಗಸ್ಟ್ 1ರಂದು ಬಂಡೆದ್ದು 63 ದಿನ ಕಾದಿತು. ಸೆಪ್ಟೆಂಬರ್ ಮಧ್ಯಭಾಗಕ್ಕೆ ಸೋವಿಯೆತ್ ಸೇನೆ ವಿಸ್ಟುಲಾ ನದಿಯ ಆಚೆ ದಡಕ್ಕೆ ಬಂದಿತ್ತು. ಅದರೊಡನಿದ್ದ ಪೋಲಿಷ್ ದಳಗಳಲ್ಲಿ ಕೆಲವು ನದಿಯನ್ನು ದಾಟಿ ಬಹಳ ನಷ್ಟ ಹೊಂದಿದುವು. ಆ ಮಹಾಸೇನೆ ಮಾತ್ರ ನಗರದ ಬಿಡುಗಡೆಗೆ ಮುಂದುವರಿಯಲಿಲ್ಲ. ಚಿತ್ರದ ಕಥೆ ಆ ಬಂಡಾಯದ ಕಡೆಯ ದಿನಗಳದು. ಮೊಕೊಟುಫ್ ಪೇಟೆಯಲ್ಲಿ ಶತ್ರುವಿನ ಮುತ್ತಿಗೆಗೆ ಸಿಕ್ಕಿದ 43 ಮಂದಿಯ ತುಕಡಿಯೊಂದು, ಲೆಫ್ಟಿನೆಂಟ್ ಜಾದ್ರಾನ ಮುಂದಾಳುತನದಲ್ಲಿ, ನೆಲದಡಿಯ ಕೊಳಚೆ ಕಾಲುವೆಗಳ ಮೂಲಕ ನಗರದ ನಡುಭಾಗವನ್ನು ಸೇರಲು ಹೊರಡುತ್ತದೆ. ಕಥೆಯನ್ನು ಬರೆದ ಯೇಜಿ ಸ್ತಾವಿನ್‌ಸ್ಕಿ ತಾವೇ ಆ ಬಂಡಾಯದಲ್ಲಿ ಕಾದಿ ಆ ಕಾಲುವೆಗಳನ್ನು ಹಾದವರು.

ಆರಂಭದಲ್ಲಿಯೇ ನಿರೂಪಕನು ಪಾತ್ರಗಳನ್ನು ಪರಿಚಯಿಸಿ, ಇವು ಇವರ ಬಾಳಿನ ಕೊನೆಯ ಗಳಿಗೆಗಳೆಂದು ಸಾರಿಬಿಡುತ್ತಾನೆ. ಸೂತ್ರಧಾರನೇ ಫಲವನ್ನು ಹೇಳಿದ ಮೇಲೆ ಬದುಕುವರೋ ಇಲ್ಲವೋ ಎಂಬ ಕುತೂಹಲವಡಗಿ, ಅವರ ನಡತೆಯಲ್ಲಿ ಮನಸ್ಸು ನೆಡುತ್ತದೆ. (ರಂಗದಲ್ಲಿ ಮರಣ ಕೂಡದೆಂದ ಭಾರತೀಯ ಲಾಕ್ಷಣಿಕರು ಇದಕ್ಕೆ ಏನೆನ್ನುತ್ತಿದ್ದರೋ!)

ಗಾಯಗೊಂಡ ಕೊರಾಬನನ್ನು ಸ್ಟೊಕ್ರೊಟ್ಕಾ ಎಂಬ ತರುಣಿ ಕೊಳಚೆಯಲ್ಲಿ ಎಳೆದುಕೊಂಡು ಬರುತ್ತಾಳೆ. ದೂರದಲ್ಲಿ ಬೆಳಕು. ಹತ್ತಿರಕ್ಕೆ ಬಂದರೆ ಕಾಲುವೆಯ ಬಾಯಿಗೆ ಕಬ್ಬಿಣದ ಕಂಬಿಗಳು. ಕಂಬಿಗಳಾಚೆ ವಿಸ್ಟುಲಾ, ನದಿಯಾಚೆ ಇನ್ನೊಂದು ದಡ. ಆಕೆ ಕಂಬಿಗಳ ಸಂಗತಿಯನ್ನು ಅವನಿಗೆ ತಿಳಿಸದೆ ಸಂತೈಸುತ್ತಾಳೆ. ದಡದಲ್ಲಿ ಯಾರಿದ್ದರೆಂಬುದನ್ನು ಚಿತ್ರ ಹೇಳುವುದಿಲ್ಲ. ಸೋವಿಯೆತ್ ಮೈತ್ರಿಗೆ ಕಟ್ಟುಬಿದ್ದಿದ್ದ ಅಂದಿನ ಆಡಳಿತದಲ್ಲಿ ಅದನ್ನು ಹೇಳುವಂತೆಯೂ ಇರಲಿಲ್ಲ. ವಾಚ್ಯಕ್ಕೆ ಬಾಗಿಲು ಮುಚ್ಚಿದಾಗ ಕವಿಯು ವ್ಯಂಗ್ಯವನ್ನು ಆಶ್ರಯಿಸಿದ್ದಾನೆ. ಆನಂದವರ್ಧನನ ಧ್ವನಿತತ್ತ್ವಕ್ಕೆ ಉದಾಹರಣೆ ಬೇಕಾದವರು ಆ ಬರಿಯ ದಡವನ್ನು ನೋಡಬೇಕು.

ಈ ಸಂಯಮ ಎಲ್ಲೆಡೆಯೂ ಉಳಿದಿಲ್ಲ. ಬುದ್ಧಿಗೆಟ್ಟ ಸಂಗೀತಗಾರನೊಬ್ಬನ ಬಾಯಿಂದ ಇಟಲಿಯ ಮಹಾಕವಿ ದಾಂತೆಯ ಸಾಲುಗಳನ್ನು ಆಡಿಸಿರುವುದು ಅನಾವಶ್ಯಕ. ನರಕವು ಕಣ್ಣೆದುರಿಗಿರುವಾಗ ನರಕವೆಂದು ಹೆಸರಿಟ್ಟು ಕರೆಯುವುದರಿಂದ ರಸಕ್ಕೆ ಹಾನಿಯೇ ಸರಿ.

ಇನ್ನು ಉಳಿದುದು ಹವಾಲ್ದಾರ ಕೂಲಾನ ಪ್ರಸಂಗ. ಹಿಂದಿನವರು ಬರುತ್ತಿದ್ದಾರೆಯೇ ಎಂದು ಜಾದ್ರಾ ಕೇಳಿದಾಗಲೆಲ್ಲ, ಬರುತ್ತಿದ್ದಾರೆಂದು ಇವನ ಉತ್ತರ. ಇಬ್ಬರೂ ಕಡೆಗೆ ಹಾಳುಬಿದ್ದ ಬೀದಿಯೊಂದರಲ್ಲಿ ಮೇಲಕ್ಕೆ ಬರುತ್ತಾರೆ, ಮತ್ತಾರೂ ಬರುವುದಿಲ್ಲ. ತುಕಡಿ ಬಹು ಹಿಂದೆಯೇ ತಪ್ಪಿಹೋಗಿತ್ತೆಂದು ಕೂಲಾ ಆಗ ಒಪ್ಪಿಕೊಳ್ಳುತ್ತಾನೆ. ಪ್ರಾಣಭಯದ ಆ ಸುಳ್ಳಿನಲ್ಲಿ ನಾಯಕನ ಪ್ರಾಣವೂ ಉಳಿದಿತ್ತೆಂಬುದನ್ನು ಮರೆಯಲಾಗದು. ಸ್ಟೊಕ್ರೊಟ್ಕಾಳೂ ಸತ್ಯವನ್ನು ಮರೆಮಾಡಿದವಳೇ. ಅಲ್ಲಿ ಹೃದಯ ಕರಗುತ್ತದೆ, ಇಲ್ಲಿ ಹೇಸುತ್ತದೆ. ಜಾದ್ರಾ ಅವನನ್ನು ಗುಂಡಿಕ್ಕಿ ಕೊಲ್ಲುತ್ತಾನೆ. ನ್ಯಾಯವೋ ಕ್ರೋಧವೋ ನಿರ್ಣಯಿಸುವುದು ಕಷ್ಟ; ನದಿಯಾಚೆಯವರನ್ನು ಮುಟ್ಟಲಾಗದ ಕೈಗೆ ದೊರೆತವನು ಈ ಬಡ ಹವಾಲ್ದಾರನೊಬ್ಬನೇ. ಆ ಬಳಿಕ ಜಾದ್ರಾ, ತನ್ನವರು ಬದುಕಿರುವರೆಂಬ ನೆಚ್ಚಿಕೆ ಇಲ್ಲದಿದ್ದರೂ, ಅವರನ್ನು ಅರಸಿಕೊಂಡು ಅದೇ ಕಂಡಿಯಲ್ಲಿ ಮತ್ತೆ ಇಳಿದುಹೋಗುತ್ತಾನೆ.