ಸೋಯಿಂಕಾ ಸಂತೆಯಲ್ಲಿ ಕೇಳಿಸದ ಜಗಳ

ನೈಜೀರಿಯಾದ ನಾಟಕಕಾರ ವೋಲೆ ಸೋಯಿಂಕಾರ 'ಡೆತ್ ಅಂಡ್ ದ ಕಿಂಗ್ಸ್ ಹಾರ್ಸ್‌ಮನ್' (1975) ಬಗ್ಗೆ ಮಾತೆತ್ತಿದರೆ ಸಾಕು, ಅರಸನ ಹಿಂದೆ ಸಾಯಹೊರಟವನಿಗೆ ಬಿಳಿಯ ಅಧಿಕಾರಿ ಅಡ್ಡ ಬಂದದ್ದು ಸರಿಯೋ ತಪ್ಪೋ ಎಂಬಲ್ಲಿಗೇ ಚರ್ಚೆ ಬಂದು ನಿಲ್ಲುತ್ತದೆ. ಹಾಗೆ ಓದಬೇಡಿ ಎಂದು ಲೇಖಕರೇ ಮುನ್ನುಡಿಯಲ್ಲಿ ಗದರಿದ್ದಾರೆ. ಗದರಿಕೆ ಸರಿಯೇ. ಆದರೆ ಅದನ್ನು ಅಪ್ಪಣೆಯೆಂದು ತಲೆಮೇಲೆ ಹೊತ್ತವರು ನಾಟಕದ 'ಯೊರುಬಾ ಲೋಕದೃಷ್ಟಿ'ಗೆ ಮಂಗಳಾರತಿ ಎತ್ತುತ್ತಲೇ ಇದ್ದಾರೆ. ನನ್ನ ತಕರಾರು ಅವರೊಂದಿಗೆ.

ಮೊದಲ ದೃಶ್ಯವನ್ನೇ ನೋಡಿ. ಯೊರುಬಾ ಸೀಮೆಯ ಓಯೊದ ಅರಸ ತೀರಿಕೊಂಡು ತಿಂಗಳಾಗಿದೆ. ಕಟ್ಟಳೆಯಂತೆ ಅವನ ಕುದುರೆ ಸರದಾರ ಎಲೆಸಿನ್ ಈ ರಾತ್ರಿ ತಾನೂ ಸಾಯಬೇಕು. ಸಂತೆಗೆ ಬಂದವನು ಹುಸಿಮುನಿಸು ತೋರುತ್ತಾನೆ. ಗಾಬರಿಬಿದ್ದ ಹೆಂಗಸರು ಬೆಲೆಬಾಳುವ ಬಟ್ಟೆ ಉಡಿಸಿ ಓಲೈಸುತ್ತಾರೆ. ಅಷ್ಟರಲ್ಲಿ ಒಬ್ಬ ಹುಡುಗಿ ಅವನ ಕಣ್ಣಿಗೆ ಬೀಳುತ್ತಾಳೆ. ಸಂತೆಯ ಹಿರಿಯಳಾದ ಇಯಾಲೋಜಾಳ ಮಗನಿಗೇ ನಿಶ್ಚಯವಾದವಳು. ಹೆಂಗಸರು ಅಳುಕುತ್ತಾರೆ, ಇಯಾಲೋಜಾ ಅವರ ಬಾಯಿ ಮುಚ್ಚಿಸಿ ಹುಡುಗಿಯನ್ನು ಒಪ್ಪಿಸುತ್ತಾಳೆ. ಸಾಯಹೊರಟವನಿಗೆ ಬದುಕಿನ ರುಚಿ ಹತ್ತುವುದು ಇಲ್ಲಿ. ಅಡ್ಡ ಬರುವ ಅಧಿಕಾರಿ ಪಿಲ್ಕಿಂಗ್ಸ್ ಇನ್ನೂ ರಂಗಕ್ಕೇ ಬಂದಿಲ್ಲ! ಸೋಯಿಂಕಾರ ಪ್ರತಿಭೆಗೆ ಬೇರೆ ಸಾಕ್ಷಿ ಬೇಡ.

ಆದರೆ ಆ ಅಳುಕೆಲ್ಲ ಹುಡುಗಿಯ ಬಗ್ಗೆ ಮಾತ್ರ. ಈ ಮನುಷ್ಯ ಸಾಯಲೇಬೇಕೇ ಎಂದು ಅಷ್ಟು ದೊಡ್ಡ ಸಂತೆಯಲ್ಲಿ ಒಬ್ಬರೂ ಕೇಳುವುದಿಲ್ಲ. ಚರಿತ್ರೆಯ ಓಯೊ ಇಷ್ಟು ಮೂಕವಾಗಿರಲಿಲ್ಲ. ಅರಸನೊಂದಿಗೆ ಹಿರಿಯ ಮಗ ಅರೆಮೊ ಕೂಡ ಸಾಯಬೇಕೆಂಬ ಕಟ್ಟಳೆಯನ್ನು ಅಲಾಫಿನ್ (ಓಯೊದ ಅರಸ) ಅತಿಬಾ ಬದಿಗಿಟ್ಟು, ಮಗ ಅಡೆಲುವೇ ಪಟ್ಟಕ್ಕೆ ಬರುವಂತೆ ಮಾಡಿದ. ಇಬಾದಾನ್ ಪಟ್ಟಣ ಒಪ್ಪಿತು, ಕಟ್ಟಳೆ ಬಿಡಕೂಡದೆಂದ ಇಜಾಯೆ ಪಟ್ಟಣದ ಒಡೆಯ ಕುರುನ್ಮಿ ಒಪ್ಪಲಿಲ್ಲ. 1860ರಲ್ಲಿ ಯುದ್ಧ, 1862ರಲ್ಲಿ ಇಜಾಯೆ ನಾಶ. ನಾಟಕಕ್ಕೆ ಮೂಲವಾದ ನಿಜ ಪ್ರಸಂಗದಲ್ಲಿ ಬ್ರಿಟಿಷರು ಕೈಹಾಕಿದ್ದು 1945ರಲ್ಲಿ. ಅದಕ್ಕೆ ಎಂಟು ದಶಕ ಮೊದಲೇ ಇಂಥ ಸಾವಿನ ಬಗ್ಗೆ ಓಯೊ ಸೀಮೆಯವರೇ ಬಡಿದಾಡಿ ಸತ್ತಿದ್ದರು.

ಎಲೆಸಿನ್ ಸಾವಿಗೆ ನಾಟಕ ಕೊಡುವ 'ಗೌರವ' ಯಾವ ವರ್ಗದ್ದು ಎಂದು ವಿಮರ್ಶಕ ಬಯೋಡುನ್ ಜೆಯಿಫೊ ಎತ್ತಿದ ಪ್ರಶ್ನೆಯನ್ನು ಮಾರ್ಕ್ಸ್‌ವಾದಿಯ ಹಟವೆಂದು ತಳ್ಳಿಹಾಕುವುದು ಸುಲಭ. ಆದರೆ ಮಾರ್ಕ್ಸ್ ಬೇಕಾಗಿಯೇ ಇಲ್ಲ; ಇಜಾಯೆ ಸಾಕು. 'ಯೊರುಬಾ' ಎಂಬ ಹೆಸರೂ ಮೊದಲು ಓಯೊದವರದ್ದೇ. ಎಗ್ಬಾ, ಇಜೆಬು, ಎಕಿಟಿ ಜನರಿಗೂ ಅದು ಹಬ್ಬಿದ್ದು 19ನೇ ಶತಮಾನದ ಮಿಷನರಿ ಬರವಣಿಗೆಯ ಬಲದಿಂದ. ಒಂದು ಅರಮನೆಯ ಕಟ್ಟಳೆಯನ್ನು ಇಡೀ ಜನಾಂಗದ ಆತ್ಮವೆನ್ನುವ ವಿಮರ್ಶೆಯದೂ ಅದೇ ಚಾಳಿ.

ಓಲಾ ರೋಟಿಮಿಯವರ 'ಕುರುನ್ಮಿ' (1971) ಇದೇ ಯುದ್ಧದ ನಾಟಕ. ಕಾವ್ಯದಲ್ಲಿ ಅದು ಸೋಯಿಂಕಾರ ಹತ್ತಿರವೂ ಸುಳಿಯದು. ಆದರೂ ಎರಡನ್ನೂ ಪಕ್ಕಪಕ್ಕ ಇಟ್ಟುಕೊಂಡೇ ಓದಿ. ಸೋಯಿಂಕಾ ಸಂತೆಯಲ್ಲಿ ಕೇಳಿಸದ ಜಗಳ ಅಲ್ಲಿದೆ.