ಜ್ವಾಲೆಯಿಲ್ಲದ ದಹನ: ಹೆಸರೆಷ್ಟು, ನಿಜವೆಷ್ಟು?

'ಕ್ಸೊನಾನ್' ಎಂಬ ಹೆಸರಿನ ಇಂಗ್ಲಿಷ್ ಅಕ್ಷರಗಳನ್ನು ಹಿಂದಿನಿಂದ ಓದಿ ನೋಡಿ: 'ನೋ ನಾಕ್ಸ್', ಅಂದರೆ ನೈಟ್ರೋಜನ್ ಆಕ್ಸೈಡುಗಳಿಲ್ಲ! ಅಮೆರಿಕದ ಕ್ಯಾಟಲಿಟಿಕಾ ಸಂಸ್ಥೆಯ ಈ ದಹನ ವ್ಯವಸ್ಥೆಯನ್ನು ಕ್ಯಾಲಿಫೋರ್ನಿಯದ ಸಾಂತಾ ಕ್ಲಾರಾದಲ್ಲಿ 1998ರಿಂದ ಸುಮಾರು 1.5 ಮೆಗಾವಾಟ್‌ನ ಸಣ್ಣ ಅನಿಲ ಟರ್ಬೈನಿನಲ್ಲಿ ಪರೀಕ್ಷಿಸಲಾಯಿತು. ಹೆಸರು ಹೇಳುವುದು ನಿಜವೇ?

ಬಹುಪಾಲು ನಿಜ. ಉಷ್ಣತೆ ಸುಮಾರು 1500 ಡಿಗ್ರಿ ಸೆಲ್ಸಿಯಸ್ ಮೀರಿದಾಗ ಗಾಳಿಯಲ್ಲಿನ ನೈಟ್ರೋಜನ್, ಆಕ್ಸಿಜನ್‌ಗಳು ವೇಗವಾಗಿ ಕೂಡುತ್ತವೆ. ಪೆಲೇಡಿಯಂ ಲೇಪಿತ ಹಾಳೆಗಳ ಮೇಲೆ ಇಂಧನ ಜ್ವಾಲೆಯಿಲ್ಲದೆ ಉರಿಯತೊಡಗುವುದರಿಂದ ಆ ಮಟ್ಟ ಮುಟ್ಟುವುದಿಲ್ಲ. ಆಕ್ಸೈಡುಗಳು 3 ಪಿಪಿಎಂಗಿಂತ ಕಡಿಮೆಯಾದವು.

ಆದರೆ 'ಕಡಿಮೆ' ಬೇರೆ, 'ಇಲ್ಲ' ಬೇರೆ. ಕ್ರಿಯಾವರ್ಧಕ ಚುರುಕಾಗಲು ಗಾಳಿ ಸಾಕಷ್ಟು ಬಿಸಿಯಿರಬೇಕು. ಅದನ್ನು ಕಾಯಿಸಲು ಮೊದಲೊಂದು ಪುಟ್ಟ ಜ್ವಾಲೆ ಬೇಕು. ಉಳಿದ ಆಕ್ಸೈಡು ಬಹುತೇಕ ಅಲ್ಲಿಯೇ ಹುಟ್ಟುತ್ತದೆ. ಕ್ರಿಯಾವರ್ಧಕ 'ಬದಲಾಗದೆ ಉಳಿಯುತ್ತದೆ' ಎಂದು ನಾವು ಪಾಠದಲ್ಲಿ ಹೇಳುತ್ತೇವೆ. ಯಂತ್ರದಲ್ಲಿ ಅದು ಗಂಧಕ ತಗಲಿದರೆ, ಅತಿಯಾಗಿ ಕಾದರೆ ಸೊರಗುತ್ತದೆ.

ಇನ್ನೊಂದು ಲೆಕ್ಕ ಮಾಡಿ. ಜ್ವಾಲೆಯಿರಲಿ, ಇಲ್ಲದಿರಲಿ, 1 ಕಿಲೋಗ್ರಾಂ ಮೀಥೇನ್ ಪೂರ್ತಿ ಉರಿದರೆ 2.75 ಕಿಲೋಗ್ರಾಂ ಕಾರ್ಬನ್ ಡೈಆಕ್ಸೈಡ್ ಬರುತ್ತದೆ. ಕ್ರಿಯಾವರ್ಧಕ ಕ್ರಿಯೆಯ ದಾರಿಯನ್ನು ಬದಲಿಸುತ್ತದೆ, ಸಮೀಕರಣವನ್ನಲ್ಲ.

ಆದ್ದರಿಂದ 'ಮಾಲಿನ್ಯರಹಿತ' ಎಂಬ ಮಾತು ಕಂಡಾಗ ಕೇಳಿ: ಯಾವ ಮಾಲಿನ್ಯ? ಎಷ್ಟು?